ಬೀರುವಿನ ಹಿಂದಿನ ಮರ

ಹೆದರಿಕೆಗೆ ವಾಸನೆ ಇರುತ್ತದೆಯೇ ಎಂದು ಯಾರಾದರೂ ಕೇಳಿದರೆ ಇದೆ ಎನ್ನುತ್ತೇನೆ, ಅದು ಅಗಸೆ ಎಣ್ಣೆಯ ವಾಸನೆ. ನಗಬೇಡಿ. ದುಬೈಯ ಕರಾಮದಲ್ಲಿದ್ದ ನಮ್ಮ ಕೋಣೆಯಲ್ಲಿ ಕಬ್ಬಿಣದ ಬೀರುವಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗವಿತ್ತು. ಅಲ್ಲಿ ಇಸ್ತ್ರಿಯ ಹಲಗೆ, ಸುತ್ತಿಟ್ಟ ಚಾಪೆ, ಯಾವತ್ತೂ ಬಿಚ್ಚದ ಒಂದು ಕೊಡೆ ನಿಂತಿರುತ್ತಿದ್ದವು. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಅವುಗಳ ಜೊತೆಗೆ ಅವ್ವನ ಹಳೇ ಸೀರೆಯಲ್ಲಿ ಸುತ್ತಿದ ಉದ್ದನೆಯ ವಸ್ತುವೊಂದು ಬಂದು ನಿಂತಿತು. ಅದು ಬಂದ ದಿನದಿಂದ ನಾನು ಬೀರುವಿನ ಕಡೆ ಬೆನ್ನು ಹಾಕಿ ಮಲಗಲಿಲ್ಲ. ಅದರ ಕಡೆ ಮುಖ ಮಾಡಿ ಮಲಗಿದರೂ ನಿದ್ದೆ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಮನೆ ಎಂದರೆ ಎರಡು ಬೆಡ್‌ರೂಮಿನ ಹಳೇ ಫ್ಲ್ಯಾಟು. ಒಂದು ಕೋಣೆ ನಮ್ಮದು, ಇನ್ನೊಂದು ಐರಿನ್ ಆಂಟಿಯದು. ಅವರು ಕಿನ್ನಿಗೋಳಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಆಸ್ಪತ್ರೆಯಲ್ಲಿ ಕೆಲಸ. ಗಂಡ ಹಡಗಿನಲ್ಲಿದ್ದುದರಿಂದ ವರ್ಷದ ಬಹುಪಾಲು ಒಬ್ಬರೇ. ಅಡುಗೆಮನೆ ಒಂದೇ, ಒಲೆ ಒಂದೇ, ಜಗಳ ದಿನಕ್ಕೆ ಒಂದಾದರೂ ಕಟ್ಟಿಟ್ಟದ್ದು. ಅವ್ವ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕಿ ಹಂದಿ ಮಾಂಸ ಬೇಯಿಸಿದ ದಿನ ಮಾತ್ರ ಇಬ್ಬರೂ ಒಡಹುಟ್ಟಿದವರಂತೆ ಒಂದೇ ತಟ್ಟೆಯ ಮುಂದೆ ಕುಳಿತಿರುತ್ತಿದ್ದರು. ಹೀಗೆ ಎರಡು ಸಂಸಾರ ಒಂದು ಫ್ಲ್ಯಾಟಿನಲ್ಲಿರುವುದು ಕಾನೂನಿಗೆ ಒಪ್ಪಿಗೆಯಿಲ್ಲದ ಸಂಗತಿ. ಕರಾಮದ ಅರ್ಧ ಜನ ಹಾಗೆಯೇ ಇದ್ದರು, ಚೆಕ್ಕಿಂಗ್‌ನವರು ಬರುತ್ತಾರೆ ಎಂಬ ಸುದ್ದಿ ಆಗಾಗ ಮೆಟ್ಟಿಲು ಹತ್ತಿ ಇಳಿದು ಹೋಗುತ್ತಿತ್ತು. ಯಾರಾದರೂ ಕೇಳಿದರೆ ಐರಿನ್ ಆಂಟಿ ನನ್ನ ಸ್ವಂತ ಚಿಕ್ಕಮ್ಮ ಎನ್ನಬೇಕೆಂದು ನನಗೆ ಹೇಳಿಕೊಟ್ಟಿದ್ದರು. ಬೀರುವಿನ ಹಿಂದಿನದ್ದಕ್ಕೆ ಏನು ಹೇಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಅಪ್ಪ ಬೋಪಣ್ಣ ಸೈನ್ಯದಲ್ಲಿ ಕೋವಿಗಳನ್ನು ರಿಪೇರಿ ಮಾಡುವ ಆರ್ಮರರ್ ಆಗಿದ್ದವರು. ಪಿಂಚಣಿ ಬಂದ ಮೇಲೆ ಅಬುಧಾಬಿಯಲ್ಲಿ, ಬನಿಯಾಸ್ ದಾಟಿ ಮರಳಿನ ಕಡೆ ತಿರುಗಿದರೆ ಸಿಗುವ ಒಂದು ಖಾಸಗಿ ಶೂಟಿಂಗ್ ರೇಂಜಿನಲ್ಲಿ ಅದೇ ಕೆಲಸಕ್ಕೆ ಸೇರಿದರು. ಅಲ್ಲೇ ಅವರಿಗೊಂದು ಮಂಚ, ವಾರಕ್ಕೊಂದು ರಜೆ. ಆ ರಜೆಗೆ ಮನೆಗೆ ಬರುತ್ತಿದ್ದರು. ಬಂದವರೇ ಕೈ ಮೂಸಿ ನೋಡಿಕೊಳ್ಳುತ್ತಿದ್ದರು, ಎಷ್ಟು ತೊಳೆದರೂ ಕೋವಿಮದ್ದಿನ ವಾಸನೆ ಹೋಗಿಲ್ಲ ಎಂದು ಗೊಣಗುತ್ತಿದ್ದರು, ಆದರೆ ಆ ಗೊಣಗಿನಲ್ಲಿ ಜಂಬವೂ ಇರುತ್ತಿತ್ತು. ನಾವು ಕೊಡವರು. ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು ಹಾರುತ್ತದೆ, ಸತ್ತರೆ ಎರಡು. ಊರಿನಲ್ಲಿ ನಮಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ, ಅಜ್ಜನ ಕಾಲದಿಂದ ಬಂದ ರಿಯಾಯಿತಿ ಅದು. ಕೋವಿ ಎಂದರೆ ಪೊಲೀಸು, ಕೋರ್ಟು, ಜೈಲು ಎಂಬ ಸಂಬಂಧವೇ ಅಪ್ಪನ ತಲೆಯಲ್ಲಿ ಬೆಳೆದಿರಲಿಲ್ಲ. ದೀಪ, ಚಂದನ, ಮನೆತನದ ಮರ್ಯಾದೆ ಇವುಗಳ ಸಾಲಿನಲ್ಲೇ ಅವರಿಗೆ ಕೋವಿ. ಅವರು ಮಾಡಿದ ತಪ್ಪನ್ನು ಬೇರೆ ಯಾವ ಜಾತಿಯವನೂ ದುಬೈಯಲ್ಲಿ ಮಾಡುತ್ತಿರಲಿಲ್ಲ ಎಂದು ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ಅವಳೂ ಕೊಡವತಿಯೇ ಎನ್ನುವುದು ಆಗ ಅವಳಿಗೆ ನೆನಪಿರುತ್ತಿರಲಿಲ್ಲ.

ರೇಂಜಿನ ಯಜಮಾನ ಒಬ್ಬ ಅರಬ್ ಮುದುಕ. ಅವನ ತಂದೆ ಎಲ್ಲಿಂದಲೋ ಕೊಂಡಿದ್ದ, ಯಾವುದೋ ದೇಶದ ಸೈನ್ಯ ಬೇಡವೆಂದು ಮಾರಿದ್ದ ಒಂದು ಹಳೇ ಮಿಲಿಟರಿ ಕೋವಿ ಅವನಲ್ಲಿತ್ತು. ಅದರಲ್ಲಿ ಹೊಡೆದರೆ ಮೊದಲ ಗುಂಡು ಹೇಳಿದಲ್ಲಿ, ಮುಂದಿನದು ಒಂದು ಮೊಳ ಆಚೆ. ಅದನ್ನು ಗುರಿ ಸ್ಪರ್ಧೆಗೆ ಯೋಗ್ಯವಾಗಿ ಮಾಡಿಕೊಡು, ಹೊಸ ಕೋವಿ ತಂದು ಮೆರೆಯುತ್ತಿರುವ ನನ್ನ ತಮ್ಮನನ್ನು ಇದರಲ್ಲೇ ಸೋಲಿಸಬೇಕು ಎಂದು ಅವನು ಅಪ್ಪನಿಗೆ ಒಪ್ಪಿಸಿದ. ಅಪ್ಪನಿಗೆ ಊಟ ನಿದ್ದೆ ಬೇಡವಾಯಿತು. ಮನೆಗೆ ಬಂದರೂ ಅದೇ ಮಾತು. ಅನ್ನದ ತಟ್ಟೆಯ ಪಕ್ಕ ಸೌಟು ಇಟ್ಟು, ಅದರ ಕೆಳಗೆ ಲಟ್ಟಣಿಗೆ ಇಟ್ಟು ನನಗೆ ತೋರಿಸುತ್ತಿದ್ದರು.

"ನೋಡು ದೇಚು, ಈ ಸೌಟು ನಳಿಗೆ. ಲಟ್ಟಣಿಗೆ ಮರ. ಸೈನ್ಯದವರು ನಳಿಗೆಯ ತುದಿವರೆಗೂ ಮರ ಹೊದಿಸ್ತಾರೆ, ಸಿಪಾಯಿ ಕೈ ಸುಡಬಾರದು ಅಂತ. ಗುಂಡು ಹಾರಿದ್ರೆ ನಳಿಗೆ ಬಿಸಿಯಾಗ್ತದೆ, ನಡುಗ್ತದೆ. ಮರ ಎಲ್ಲಾದ್ರೂ ತಾಗಿದ್ರೆ ಗುರಿ ಹೋಯ್ತು. ನಮ್ಮ ಸೈನ್ಯದ ತ್ರೀ ನಾಟ್ ತ್ರೀ ಕೋವಿಗೆ ಮರ ಎರಡು ತುಂಡು, ಇದಕ್ಕೆ ಉದ್ದಕ್ಕೂ ಒಂದೇ. ಹಿಂದ್ಗಡೆ ಗಟ್ಟಿಯಾಗಿ ಕೂರಬೇಕು, ಮುಂದ್ಗಡೆ ಒಂದು ಕಾಗದ ಸಲೀಸಾಗಿ ಆಚೆ ಈಚೆ ಹೋಗಬೇಕು."

"ಅನ್ನ ತಣ್ಣಗಾಯ್ತು," ಎನ್ನುತ್ತಿದ್ದಳು ಅವ್ವ.

ಹಳೇ ಮರವನ್ನು ತೆಗೆದುಹಾಕಿ ಅಕ್ರೋಟು ಮರದ ದಿಮ್ಮಿಯಲ್ಲಿ ಹೊಸದನ್ನು ಅಪ್ಪನೇ ಕೆತ್ತಿದರು. ಮುದುಕನ ಕೆನ್ನೆ ಎಲ್ಲಿ ಒರಗುತ್ತದೆ, ತೋಳು ಎಷ್ಟುದ್ದ ಎಂದೆಲ್ಲ ಅಳೆದು, ದರ್ಜಿ ಕೋಟು ಹೊಲಿದಂತೆ ಅವನ ಮೈಗೆ ಸರಿಯಾಗಿ ಮಾಡಿದರು. ಗುರಿ ನೋಡಲು ಹಳೇ ಕಚ್ಚಿನ ಬದಲು ಸಣ್ಣ ತೂತಿನ ಹೊಸ ತಗಡು, ಬೆರಳಿಗೆ ಹಗುರಾಗುವಂತೆ ತಿದ್ದಿದ ಟ್ರಿಗರ್. ಎಲ್ಲ ಸರಿಹೋದರೂ ಮರ ಮಾತ್ರ ಹಟ ಹಿಡಿಯಿತು. ರೇಂಜಿನ ವರ್ಕ್‌ಶಾಪಿನಲ್ಲಿ ಸಂಜೆ ಎಸಿ ಆರಿಸಿ ಬೀಗ ಹಾಕುತ್ತಿದ್ದರು. ಬೆಳಗಾಗುವಷ್ಟರಲ್ಲಿ ಸೆಕೆಗೆ ಮರ ಉಬ್ಬಿ, ನಿನ್ನೆ ಹೋಗಿದ್ದ ಕಾಗದ ಇವತ್ತು ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಗಲೂ ರಾತ್ರಿ ಎಸಿ ಓಡುವ ಜಾಗ ಅಪ್ಪನಿಗೆ ಗೊತ್ತಿದ್ದದ್ದು ಒಂದೇ, ನಮ್ಮ ಕೋಣೆ. ಹಾಗಾಗಿ ಅಗಸೆ ಎಣ್ಣೆ ಹಚ್ಚಿದ ಆ ಮರವನ್ನು ಬಟ್ಟೆಯಲ್ಲಿ ಸುತ್ತಿ, ಯಜಮಾನನ ಡ್ರೈವರ್ ಪಠಾಣನ ಗಾಡಿಯಲ್ಲಿ ಕುಳಿತು, ಯಾರನ್ನೂ ಕೇಳದೆ ಮನೆಗೆ ತಂದುಬಿಟ್ಟರು. ಗುಟ್ಟಾಗಿ ತರಬೇಕೆಂದೂ ಅವರಿಗೆ ಹೊಳೆದಿರಲಿಲ್ಲ. ಲಿಫ್ಟಿನಲ್ಲಿ ಹೆಗಲ ಮೇಲಿಟ್ಟುಕೊಂಡು ಬಂದರಂತೆ.

ಅವ್ವ ಬಾಗಿಲಿಗೆ ಚಿಲಕ ಹಾಕಿ ಪಿಸುದನಿಯಲ್ಲೇ ಕಿರುಚಿದಳು. ಹಾಗೆ ಕಿರುಚುವುದು ಕರಾಮದ ಹೆಂಗಸರಿಗೆಲ್ಲ ಬರುತ್ತಿತ್ತು.

"ನಿಮಗೆ ತಲೆ ಕೆಟ್ಟಿದ್ಯಾ? ಕೋವಿ ತಂದು ಮನೇಲಿ ಇಡ್ತೀರಾ?"

"ಕೋವಿ ಎಲ್ಲಿ ಸೀತಾ? ನಳಿಗೆ ಇಲ್ಲ, ಕಬ್ಬಿಣ ಇಲ್ಲ. ಇದು ಬರೀ ಮರ. ನಿನ್ನ ಲಟ್ಟಣಿಗೆ ಥರ."

"ಇದು ಮಡಿಕೇರಿ ಅಂದ್ಕೊಂಡ್ರಾ? ಈ ಊರಲ್ಲಿ ಒಂದು ಕಾಡತೂಸಿನ ಖಾಲಿ ಚಿಪ್ಪು ಸಿಕ್ಕಿದ್ರೂ ಒಳಗೆ ಹಾಕ್ತಾರೆ. ಒಳಗೆ ಹೋದೋರು ಹೊರಗೆ ಬಂದ್ರೆ ನೇರ ವಿಮಾನಕ್ಕೆ. ಆಮೇಲೆ ನಾನೂ ಇವಳೂ ಎಲ್ಲಿಗೆ ಹೋಗೋದು?"

"ಒಂದು ತಿಂಗಳು. ಎಣ್ಣೆ ಹೀರ್ಕೊಳ್ಲಿ. ಅಷ್ಟೇ."

ಆ ಮಾತು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ದೊಡ್ಡವರಿಗೆ ಹೆದರಿಕೆ ಬಂದರೆ ಜಗಳವಾಡಿ ಕಳೆದುಕೊಳ್ಳುತ್ತಾರೆ, ಮಕ್ಕಳು ಏನು ಮಾಡಬೇಕು? ಶಾಲೆಯಿಂದ ಬರುವಾಗ ಕಟ್ಟಡದ ಕೆಳಗೆ ಹಸಿರು ಬಿಳಿ ಬಣ್ಣದ ಪೊಲೀಸ್ ಕಾರು ಇದೆಯಾ ಎಂದು ಮೊದಲು ಮೂಲೆಯಲ್ಲಿ ನಿಂತು ಇಣುಕುತ್ತಿದ್ದೆ. ಬೆಲ್ ಆದರೆ ಬಾತ್‌ರೂಮಿಗೆ ಓಡುತ್ತಿದ್ದೆ. ಹಾಲಿನವನ ಬೆಲ್ಲಿಗೂ ಓಡಿದ್ದೇನೆ. ಅಪ್ಪ ಮಾತ್ರ ರಜೆಗೆ ಬಂದು, ಮರಕ್ಕೆ ಸುತ್ತಿದ್ದ ಸೀರೆ ಬಿಚ್ಚಿ, ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು, ಮಗುವಿಗೆ ನೀರು ಹಾಕುವ ಮೊದಲು ತಿಕ್ಕುವ ಹಾಗೆ ಆ ಮರವನ್ನು ತಿಕ್ಕುತ್ತಾ ಕೂರುತ್ತಿದ್ದರು. ಬಂದು ಹಿಡಿದು ನೋಡು ಎಂದು ಕರೆದರೆ ನಾನು ಹೋಗುತ್ತಿರಲಿಲ್ಲ. ನನ್ನ ಮಗಳು ಕೋವಿ ಮರಕ್ಕೆ ಹೆದರುತ್ತಾಳಲ್ಲ ಎಂದು ಅವರಿಗೆ ನಿಜವಾಗಿಯೂ ಬೇಸರವಾಗುತ್ತಿತ್ತು.

ಆಮೇಲೆ ಕೈಲ್ ಮುಹೂರ್ತ ಬಂತು. ಮನೆಯ ಆಯುಧಗಳನ್ನೆಲ್ಲ ತೊಳೆದು ದೀಪದ ಮುಂದಿಟ್ಟು ಪೂಜಿಸುವ ನಮ್ಮ ಹಬ್ಬ. ದುಬೈಗೆ ಬಂದ ಮೇಲೆ ಅವ್ವ ಒಂದು ಅಡುಗೆ ಚಾಕು ಇಟ್ಟು ಪೂಜೆ ಮುಗಿಸುತ್ತಿದ್ದಳು. ಆ ವರ್ಷ ನಾನು ಶಾಲೆಯಿಂದ ಬಂದಾಗ ಕೋಣೆಯ ಮೂಲೆಯ ದೇವರ ಹಲಗೆಯ ಮುಂದೆ, ಮಣೆಯ ಮೇಲೆ, ಆ ಮರ ಮಲಗಿತ್ತು. ಹಿಂಭಾಗದ ತುದಿಗೆ ಚಂದನ, ಕುಂಕುಮ. ಮೇಲೆ ಒಂದು ಮೊಳ ಮಲ್ಲಿಗೆ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ತಿಂಗಳಿಡೀ ಅದನ್ನು ಶಪಿಸಿದವಳು ಇವಳೇ ತಾನೇ?

"ಏನ್ ಮಾಡ್ಲಿ ದೇಚು," ಎಂದಳು ಅವ್ವ, ನನ್ನ ಮುಖ ನೋಡದೆ. "ಮನೇಲಿ ಇದು ಇದ್ದೂ ಚಾಕುಗೆ ಪೂಜೆ ಮಾಡೋಕೆ ಕೈ ಬರ್ಲಿಲ್ಲ. ಕಳ್ಳಮಾಲು ಥರ ಬೀರು ಹಿಂದೆ ನಿಂತಿತ್ತು, ಪಾಪ. ಸಂಜೆ ಅಪ್ಪ ಬರೋದ್ರೊಳಗೆ ಒಳಗಿಡ್ತೀನಿ."

ಅವಳು ಕಡುಬು ಬೇಯಲು ಇಟ್ಟು, ನಾನು ಯೂನಿಫಾರ್ಮ್ ಬದಲಿಸುತ್ತಿದ್ದಾಗ ಬೆಲ್ ಆಯಿತು. ಐರಿನ್ ಆಂಟಿ ಬಾಗಿಲು ತೆರೆದದ್ದು ಕೇಳಿಸಿತು. ಒಂದು ಗಳಿಗೆಯಲ್ಲಿ ನಮ್ಮ ಕೋಣೆಗೆ ನುಗ್ಗಿ ಬಂದರು.

"ಸೀತಾ, ಚೆಕ್ಕಿಂಗ್‌ನವರು ಮಾರಾಯ್ತಿ! ಎಂತ ಮಾಡುದು ಈಗ? ನಾನು ನಿನ್ನ ತಂಗಿ ಅಂತ ಹೇಳಿದೆ, ನೀನು ಸುಮ್ಮನೆ ನಗ್ತಾ ಇರು..." ಅಷ್ಟು ಹೇಳುವಾಗ ಅವರ ಕಣ್ಣು ಮಣೆಯ ಮೇಲೆ ಬಿತ್ತು. "ಯೇಸುವೇ. ಇದು ಎಂತದು?"

ಅವ್ವ ಬಗ್ಗಿ ಮರಕ್ಕೆ ಕೈ ಹಾಕಿದಳು, ಅಷ್ಟರಲ್ಲಿ ಅವರು ಬಾಗಿಲಲ್ಲಿದ್ದರು. ಕಾಲಿನವರೆಗೆ ಇಳಿಯುವ ಬಿಳಿ ನಿಲುವಂಗಿ, ಕಂದೂರ, ತೊಟ್ಟ ಒಬ್ಬ ಅರಬ್ ಅಧಿಕಾರಿ, ಹಿಂದೆ ನಮ್ಮ ವಾಚ್‌ಮನ್. ಅಧಿಕಾರಿ ಮಂಚ ನೋಡಿದ, ನೆಲದ ಹಾಸಿಗೆ ನೋಡಿದ, ದೀಪ ನೋಡಿದ. ಆಮೇಲೆ ಬಹಳ ಹೊತ್ತು ಮರವನ್ನೇ ನೋಡಿದ.

"ಶು ಹಾದಾ?" ಎಂದ. ಏನಿದು?

ಅವ್ವನಿಗೆ ಅರಬ್ಬಿ ಬರುತ್ತಿರಲಿಲ್ಲ. ಐರಿನ್ ಆಂಟಿಗೆ ಆಸ್ಪತ್ರೆಯ ಅರಬ್ಬಿ ಮಾತ್ರ, ಎಲ್ಲಿ ನೋವು, ಉಸಿರು ಬಿಡಿ ಅಷ್ಟೇ. ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಅರಬ್ಬಿ ಓದಿದವಳು ಆ ಕೋಣೆಯಲ್ಲಿ ನಾನೊಬ್ಬಳೇ. ಬಾತ್‌ರೂಮಿಗೆ ಓಡಬೇಕೆಂದು ಕಾಲು ಹೇಳುತ್ತಿತ್ತು. ಬಾಯಿ ಮಾತ್ರ ತಾನಾಗಿಯೇ ಹೇಳಿತು:

"ಯೋಲಾ."

ಯೋಲಾ ಎಂದರೆ ಇಲ್ಲಿನವರು ಮದುವೆ ಹಬ್ಬಗಳಲ್ಲಿ ಕೋವಿ ತಿರುಗಿಸಿ ಕುಣಿಯುವ ಕುಣಿತ. ನ್ಯಾಷನಲ್ ಡೇಗೆ ನಮ್ಮ ಇಂಡಿಯನ್ ಶಾಲೆಯಲ್ಲೂ ಮಾಡಿಸುತ್ತಿದ್ದರು. ಹುಡುಗರ ಕೈಗೆ ಮರದ ಆಟಿಕೆ ಕೋವಿ, ಹುಡುಗಿಯರು ಬದಿಯಲ್ಲಿ ನಿಂತು ಕೂದಲು ಬೀಸಬೇಕು. ನನಗೆ ಅದು ಹೊಟ್ಟೆಯುರಿ. ಮನೆಗೆ ಬಂದು ನೆಲ ಒರೆಸುವ ಕೋಲಿನಲ್ಲಿ ಹುಡುಗರ ಭಾಗವನ್ನೇ ಅಭ್ಯಾಸ ಮಾಡಿ ಅವ್ವನಿಂದ ಏಟು ತಿಂದಿದ್ದೆ. ಅಧಿಕಾರಿಗೆ ಅದೇ ಸಂಶಯ ಬಂತು.

"ಯೋಲಾ ಹುಡುಗರದ್ದಲ್ಲವಾ? ಯಾರು ಮಾಡುವುದು ಇಲ್ಲಿ?" ಎಂದು ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಕೇಳಿದ.

"ನಾನು."

"ಯಲ್ಲಾ, ಸರಿ ಹಾಗಾದರೆ. ಮಾಡು ನೋಡೋಣ."

ಮಲ್ಲಿಗೆ ತೆಗೆದಿಟ್ಟು ಮರವನ್ನು ಎತ್ತಿದೆ. ಅಷ್ಟು ದಿನ ಮುಟ್ಟಲೂ ಹೆದರಿದ್ದ ವಸ್ತು. ಎಣ್ಣೆಗೆ ಕೈ ಜಾರುತ್ತಿತ್ತು. ಹಿಂಭಾಗ ಭಾರ, ಮುಂಭಾಗ ಹಗುರ, ಕೋಲಿನ ಹಾಗೆ ಅದು ಮಾತು ಕೇಳುವುದಿಲ್ಲ. ಬಾಗಿಲ ಹೊರಗಿನ ಪ್ಯಾಸೇಜಿಗೆ ಬಂದು ಬಲಗೈಯಲ್ಲಿ ತಿರುಗಿಸಿದೆ, ಬೆನ್ನ ಹಿಂದೆ ಒಯ್ದು ಎಡಗೈಗೆ ತಂದೆ. ಅವ್ವ ಐರಿನ್ ಆಂಟಿಯ ತೋಳು ಹಿಡಿದುಕೊಂಡಿದ್ದಳು. ಇದು ಬಿದ್ದರೆ ಅಪ್ಪನ ಕೆಲಸ ಹೋಯಿತು, ನಾನು ಕುಣಿತ ನಿಲ್ಲಿಸಿದರೆ ಅಪ್ಪನೇ ಹೋದರು, ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಅಧಿಕಾರಿ ಕೈ ಮೇಲೆತ್ತಿ, ಎಸೆ ಎಂದು ಸನ್ನೆ ಮಾಡಿದ. ಯೋಲಾದಲ್ಲಿ ಎಸೆದು ಹಿಡಿಯುವುದೇ ಮುಖ್ಯ. ಎಸೆದೆ. ಟ್ಯೂಬ್‌ಲೈಟಿಗೆ ತಾಗಲಿಲ್ಲ ಅನ್ನುವುದು ನಮ್ಮ ದೇವರು ಇಗ್ಗುತ್ತಪ್ಪನ ದಯೆ. ಕೆಳಗೆ ಬಂದದ್ದು ಕೈಗೆ ಸಿಗದೆ ನೇರ ಕುತ್ತಿಗೆಯ ಕೆಳಗಿನ ಮೂಳೆಗೆ ಬಡಿಯಿತು. ಎರಡೂ ತೋಳಿನಲ್ಲಿ ತಬ್ಬಿ ಹಿಡಿದೆ. ಕಣ್ಣಲ್ಲಿ ನೀರು ಬಂತು, ಆದರೆ ನಗುತ್ತಿದ್ದೆ.

ಅಧಿಕಾರಿ ನಗಲಿಲ್ಲ. ಹತ್ತಿರ ಬಂದು ಮರವನ್ನು ನನ್ನಿಂದ ತೆಗೆದುಕೊಂಡ. ನಳಿಗೆ ಕೂರುವ ತೋಡಿನ ಗುಂಟ ಹೆಬ್ಬೆರಳು ಓಡಿಸಿದ, ಮೂಸಿದ, ಹೆಗಲಿಗಿಟ್ಟು ಕೆನ್ನೆ ಒರಗಿಸಿ ನೋಡಿದ. ಆಗಲೇ ನನಗೆ ಗೊತ್ತಾಯಿತು, ಇವನಿಗೆ ಎಲ್ಲ ಗೊತ್ತಾಗಿದೆ. ಅವನು ಬಗ್ಗಿ ನನ್ನ ಕೈಗೆ ಅದನ್ನು ವಾಪಸ್ ಕೊಟ್ಟು, ವಾಚ್‌ಮನ್‌ಗೆ ಕೇಳಿಸದ ಹಾಗೆ ಹೇಳಿದ:

"ನಿಮ್ಮ ಅಪ್ಪನಿಗೆ ಹೇಳು. ಈ ಮರ ನಾಳೆ ಅದರ ಜಾಗಕ್ಕೆ ಹೋಗಬೇಕು. ನಾಳೆಯೇ. ನಾಡಿದ್ದು ನಾನು ಮತ್ತೆ ಬರುತ್ತೇನೆ."

ಐರಿನ್ ಆಂಟಿಗೆ ತಲೆಯಾಡಿಸಿ ಹೊರಟುಹೋದ. ಎರಡು ಸಂಸಾರದ ಮಾತನ್ನೇ ಎತ್ತಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಅವ್ವ ಏನಂದ ಏನಂದ ಎಂದು ನನ್ನನ್ನು ಅಲುಗಾಡಿಸಿದಳು. ಹೇಳಿದೆ. ಒಲೆಯ ಮೇಲೆ ಕಡುಬಿನ ನೀರು ಆರಿ ಪಾತ್ರೆ ಸೀಯುವವರೆಗೂ ನಾವು ಮೂವರೂ ಅಲ್ಲೇ ಇದ್ದೆವು.

ಸಂಜೆ ಅಪ್ಪ ಹಬ್ಬದ ಊಟದ ಆಸೆಯಲ್ಲಿ ಬಂದರು. ಅವ್ವ ಊಟ ಬಡಿಸಲಿಲ್ಲ, ನನ್ನ ಅಂಗಿಯ ಕಾಲರ್ ಸರಿಸಿ ನೀಲಿಗಟ್ಟಿದ ಜಾಗ ತೋರಿಸಿದಳು. ನಾನು ಅಧಿಕಾರಿಯ ಮಾತನ್ನು ಒಪ್ಪಿಸಿದೆ. ಬರೀ ಮರ ಎಂದು ಶುರು ಮಾಡಿದ ಅಪ್ಪ ಅಲ್ಲಿಗೇ ನಿಲ್ಲಿಸಿದರು. ಮಂಚದ ಅಂಚಿನಲ್ಲಿ ಕುಳಿತು ಮತ್ತೊಮ್ಮೆ ಹೇಳು ಎಂದರು. ಹೇಳಿದೆ. ಇನ್ನೊಮ್ಮೆ ಎಂದರು. ಗಡಿಯಲ್ಲಿ ಗುಂಡಿನ ನಡುವೆ ಮಲಗಿ ಎದ್ದವನು ನಾನು ಎಂದು ಹೇಳಿಕೊಳ್ಳುತ್ತಿದ್ದ ಅಪ್ಪ ಬಾಗಿಲಿಗೆ ಹೋಗಿ, ಹಾಕಿಯೇ ಇದ್ದ ಚಿಲಕವನ್ನು ಮತ್ತೆ ಮತ್ತೆ ಎಳೆದು ನೋಡಿದರು. ಅದನ್ನು ನೋಡಿ ಮಧ್ಯಾಹ್ನಕ್ಕಿಂತ ಹೆಚ್ಚು ಹೆದರಿದೆ. ಅಷ್ಟು ದಿನ ನನಗೆ ಒಂದು ಧೈರ್ಯವಿತ್ತು, ಅಪ್ಪನಿಗೆ ಹೆದರಿಕೆ ಇಲ್ಲವಲ್ಲ, ಹಾಗಾದರೆ ಏನೂ ಆಗಲಿಕ್ಕಿಲ್ಲ ಎಂದು.

"ಗರಗಸ ತನ್ನಿ," ಎಂದಳು ಅವ್ವ. "ತುಂಡು ಮಾಡಿ ಕಸದ ಡಬ್ಬಿಗೆ ಹಾಕಿ ಬರೋಣ."

"ಹಾಕಿದ್ರೆ ಅಲ್ಲಿ ಸ್ಟೋರಲ್ಲಿ ಮರ ಎಲ್ಲಿ ಅಂತ ಕೇಳ್ತಾರೆ. ಕೋವಿ ಮರ ಕದ್ದ ಅಂತ ಆಗ್ತದೆ. ಅದು ಇನ್ನೂ ದೊಡ್ಡ ಕೇಸು."

"ಆ ಪಠಾಣನ್ನ ಕರೀರಿ ಮತ್ತೆ."

"ಅವ ರಜೆಗೆ ಪೇಶಾವರಕ್ಕೆ ಹೋಗಿದ್ದಾನೆ. ಯಜಮಾನನಿಗೆ ಹೇಳಿದ್ರೆ ಕೆಲಸ ಖಲಾಸ್. ಬಸ್ಸಲ್ಲೇ ತಗೊಂಡು ಹೋಗ್ಬೇಕು."

ಬಸ್ಸು ಎಂದರೆ ಬಸ್‌ಸ್ಟ್ಯಾಂಡು, ಬಸ್‌ಸ್ಟ್ಯಾಂಡು ಎಂದರೆ ಪೊಲೀಸರು. ನಾನೇ ಹೇಳಿದೆ, ಕಳೆದ ವರ್ಷದ ನ್ಯಾಷನಲ್ ಡೇ ಡ್ರೆಸ್ ಹಾಕಿಕೊಂಡು ಮರವನ್ನು ನಾನೇ ಹಿಡಿದುಕೊಂಡು ಬರುತ್ತೇನೆ, ಕೇಳಿದರೆ ಯೋಲಾ ಎನ್ನುತ್ತೇನೆ ಎಂದು. ಹೇಳಿ, ಬೇಡ ಎಂದು ಅಪ್ಪ ಬೈಯುತ್ತಾರೆಂದು ಕಾದೆ. ಬೈಯಲಿ ಎಂದೇ ಕಾದೆ. ಅಪ್ಪ ನೆಲ ನೋಡುತ್ತಾ ಹೇಳಿದರು:

"ದೇಚು ಬಂದ್ರೆ ಒಳ್ಳೇದು."

"ಹೆಣ್ಣು ಮಗೂನ ಅಡ್ಡ ಇಟ್ಕೊಂಡು ಹೋಗ್ತೀರಾ?" ಅವ್ವ ಈ ಸಲ ಪಿಸುದನಿ ಬಿಟ್ಟು ನಿಜವಾಗಿಯೇ ಕೂಗಿದಳು. "ಥೂ, ಕೋವಿ ಪೂಜೆ ಮಾಡೋ ಗಂಡಸು!"

ಅಪ್ಪ ಎದ್ದು ಅಡುಗೆಮನೆಗೆ ಹೋದರು. ಮುಂದೆ ಎಷ್ಟೋ ವರ್ಷ, ಬೇರೆ ಯಾವುದೋ ಜಗಳದ ಕೊನೆಗೆ ಅವ್ವ ಆ ಮಾತನ್ನು ಎತ್ತಿದಾಗಲೂ ಅವರು ಎದ್ದು ಹೋಗುತ್ತಿದ್ದರು.

ಬೆಳಗ್ಗೆ ಬಸ್‌ಸ್ಟ್ಯಾಂಡಿಗೆ ಹೋದೆವು. ಡ್ರೆಸ್ ಮೊಣಕಾಲಿಗೆ ಬಂದಿತ್ತು, ಕಂಕುಳಲ್ಲಿ ಬಿಗಿ. ಮರದ ತುದಿಗೆ ಅವ್ವ ಜರಿಯ ರಿಬ್ಬನ್ ಕಟ್ಟಿದ್ದಳು, ಕಟ್ಟುವಾಗ ಬೈಯುತ್ತಲೇ ಇದ್ದಳು. ಅಬುಧಾಬಿ ಬಸ್ಸಿನ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ಪೊಲೀಸ್ ನಮ್ಮ ಕಡೆಗೇ ಬಂದ. ಅಪ್ಪ ನನ್ನ ಹಿಂದೆ ಒಂದು ಹೆಜ್ಜೆ ಸರಿದರು. ನಾನು ತಿರುಗಿ ನೋಡಲಿಲ್ಲ, ಆದರೆ ಸರಿದದ್ದು ಗೊತ್ತಾಯಿತು.

"ಯೋಲಾ?" ಎಂದ ಪೊಲೀಸ್. "ನ್ಯಾಷನಲ್ ಡೇ ಇನ್ನೂ ದೂರ ಇದೆಯಲ್ಲ?"

"ಪ್ರಾಕ್ಟೀಸ್ ಬೇಗ ಶುರು ಮಾಡಿದ್ದಾರೆ," ಎಂದು ಅರಬ್ಬಿಯಲ್ಲಿ ಹೇಳಿದೆ. ಅವನು ನನ್ನ ತಲೆ ಸವರಿ ಮುಂದೆ ಹೋದ.

ಬಸ್ಸಿನಲ್ಲಿ ಅಪ್ಪ ನನ್ನ ಕೈ ಹಿಡಿದುಕೊಂಡರು. ಜೆಬೆಲ್ ಅಲಿಯ ಗೋದಾಮುಗಳು, ಕಂಟೇನರುಗಳು ಹಿಂದಕ್ಕೆ ಹೋದವು, ಮರಳು ಶುರುವಾಯಿತು, ಆದರೂ ಬಿಡಲಿಲ್ಲ. ಬನಿಯಾಸಿನಲ್ಲಿ ಇಳಿದು ಟ್ಯಾಕ್ಸಿ ಹಿಡಿದು ರೇಂಜು ಸೇರಿದೆವು. ವರ್ಕ್‌ಶಾಪಿನಲ್ಲಿ ಕಬ್ಬಿಣದ ಕಪಾಟಿನಿಂದ ನಳಿಗೆ ತೆಗೆದು ಮರದಲ್ಲಿ ಕೂರಿಸಿದರು, ಸ್ಕ್ರೂ ಬಿಗಿದರು, ಜೇಬಿನಿಂದ ಬಸ್ ಟಿಕೆಟ್ ತೆಗೆದು ನಳಿಗೆಯ ಕೆಳಗೆ ತೂರಿಸಿದರು. ಅದು ಎಲ್ಲೂ ತಡೆಯದೆ ಈ ತುದಿಯಿಂದ ಆ ತುದಿಗೆ ಹೋಯಿತು. ಅಷ್ಟು ಹೊತ್ತಿಗೆ ಮುದುಕ ಯಜಮಾನ ಬಂದ. ಬೆಂಚಿನ ಮೇಲೆ ಮಲಗಿ ದೂರದ ಕಾಗದಕ್ಕೆ ಹೊಡೆದ. ತೂತುಗಳೆಲ್ಲ ಒಂದರ ಮೈಮೇಲೆ ಒಂದು ಬಿದ್ದಿದ್ದವು. ಮುದುಕ ಅಪ್ಪನನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತಿಟ್ಟ. ಆದರೆ ನಾನು ಕಾಗದ ನೋಡುತ್ತಿರಲಿಲ್ಲ, ಅಪ್ಪನನ್ನು ನೋಡುತ್ತಿದ್ದೆ. ಪ್ರತಿ ಗುಂಡಿಗೂ ಅವರು ಕಣ್ಣು ಮುಚ್ಚಿಕೊಂಡು ಬೆಚ್ಚುತ್ತಿದ್ದರು.

ಮಧ್ಯಾಹ್ನ ನನ್ನನ್ನು ಮನೆಗೆ ಬಿಡಲು ಮತ್ತೆ ಬಸ್ಸಿನಲ್ಲಿ ಬಂದರು. ನಮ್ಮ ಹತ್ತಿರ ಮರ ಇಲ್ಲ, ಗುಟ್ಟು ಇಲ್ಲ, ಖಾಲಿ ಕೈ. ಕರಾಮದಲ್ಲಿ ಇಳಿದು ರಸ್ತೆ ದಾಟಲು ನಿಂತೆವು. ಸಿಗ್ನಲ್ಲಿನಲ್ಲಿ ಮೊದಲ ಸಾಲಿನಲ್ಲೇ ಒಂದು ಪೊಲೀಸ್ ಕಾರು ನಿಂತಿತ್ತು, ಒಳಗಿದ್ದವನು ಫೋನಿನಲ್ಲಿ ಮಾತಾಡುತ್ತಾ ನಗುತ್ತಿದ್ದ. ನಮಗೆ ಹಸಿರು ದೀಪ ಬಂತು. ಜನ ದಾಟಿದರು. ಅಪ್ಪ ಅಲುಗಾಡಲಿಲ್ಲ. ದೀಪ ಕೆಂಪಾಯಿತು, ಆ ಕಾರು ಹೊರಟುಹೋಯಿತು, ಬೇರೆ ಕಾರುಗಳು ಬಂದು ನಿಂತವು, ಮತ್ತೆ ಹಸಿರಾಯಿತು. ಅಪ್ಪ ಇನ್ನೂ ಅಲ್ಲೇ ನಿಂತಿದ್ದರು, ಕಾರು ಇದ್ದ ಜಾಗವನ್ನೇ ನೋಡುತ್ತಾ.

"ಅಪ್ಪಾ, ಹೋಯ್ತು ಅದು," ಎಂದೆ. "ಬನ್ನಿ."

ಕೇಳಿಸಲಿಲ್ಲ ಅವರಿಗೆ. ನಾನು ಅವರ ಕೈ ಹಿಡಿದು, ಎರಡೂ ಕಡೆ ನೋಡಿ, ಅವರನ್ನು ರಸ್ತೆ ದಾಟಿಸಿದೆ.